ಕೈ ಬೀಸಿಕೊಂಡು ನಡೆದವರು

ಹೆಂಗಸರಿಗೆ ‘ದಿನಾ ಸ್ವಲ್ಪ ನಡೆಯಿರಿ’ ಎಂದು ಹೇಳುವುದು ನನ್ನ ಉದ್ಯೋಗ. ಇದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಎದುರುಮನೆಯಾಕೆ ನನ್ನನ್ನು ಇವತ್ತಿಗೂ ಇನ್ಶೂರೆನ್ಸಿನವಳು ಎಂದೇ ತಿಳಿದಿದ್ದಾರೆ. ತಿದ್ದಿ ತಿದ್ದಿ ಸಾಕಾಗಿ ನಾನೂ ಬಿಟ್ಟಿದ್ದೇನೆ.

ನಮ್ಮದೊಂದು ಸಣ್ಣ ಸಂಸ್ಥೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಕೂಲಿನಾಲಿ ಮಾಡಿ ಬದುಕುವ ಹೆಂಗಸರ ಕೇರಿಗಳಲ್ಲಿ ನಡಿಗೆಯ ಗುಂಪು ಕಟ್ಟುತ್ತೇವೆ. ಗುಂಪಿಗೆ ಮುಂದಾಳು ಅವರಲ್ಲೇ ಒಬ್ಬಳು. ಯಾವ ದಾರಿ, ಎಷ್ಟು ಹೊತ್ತಿಗೆ ಎಂಬುದೆಲ್ಲ ಅವರದೇ ತೀರ್ಮಾನ. ನಾನು ಬಸ್ಸು ಹಿಡಿದು ಹೋಗಿ ಜೊತೆಯಲ್ಲಿ ನಡೆಯಬೇಕು, ಆಮೇಲೆ ಯಾರಾದರೂ ಜಗಳಕ್ಕೆ ಬಂದರೆ ಸಮಜಾಯಿಷಿ ಹೇಳಬೇಕು. ನಡೆಯುವುದು ಎಷ್ಟೋ ವಾರ ತಪ್ಪಿದೆ. ಸಮಜಾಯಿಷಿ ಮಾತ್ರ ಒಂದು ವಾರವೂ ತಪ್ಪಿದ್ದಿಲ್ಲ.

ಹುಲ್ಲಿನ ಹೊರೆ

ನಾಗಮಂಗಲದಿಂದ ಬೆಳ್ಳೂರು ಕ್ರಾಸಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಊರಿದೆ. ಊರು ದಾಟಿದ ಮೇಲೆ ಜನತಾ ಮನೆಗಳ ಒಂದು ಸಾಲು. ಅಲ್ಲಿನ ಅಂಗನವಾಡಿಯ ಮುಂದೆ ನಾನು ಮೊದಲ ಸಭೆ ಮಾಡಿದೆ. ಸಕ್ಕರೆ ಕಾಯಿಲೆ, ಬಿ.ಪಿ., ಮೊಣಕಾಲು ನೋವು ಎಲ್ಲವನ್ನೂ ಹೇಳಿ, ಇದಕ್ಕೆಲ್ಲ ದಿನಕ್ಕೆ ಅರ್ಧ ಗಂಟೆ ನಡೆದರೆ ಎಷ್ಟೋ ವಾಸಿ ಎಂದು ಮುಗಿಸಿದೆ. ಅದೇ ಹೊತ್ತಿಗೆ ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬಂದ ಒಬ್ಬಾಕೆ, ಹೊರೆಯನ್ನು ತಲೆಯಿಂದ ಇಳಿಸದೆ ನಿಂತೇ ಕೇಳಿಸಿಕೊಂಡಳು.

“ಅರ್ಧ ಗಂಟೆ ಸಾಕಾ ಮೇಡಮ್ನೋರೆ? ನಾನು ಒತ್ತಾರೆಯಿಂದ ನಡೀತಾನೇ ಇವ್ನಿ. ಎಚ್ಚಾಗಿರೋದನ್ನ ನಿಮ್ಗೆ ಕೊಟ್ಟೆ, ತಕ್ಕಳಿ” ಎಂದಳು.

ನನ್ನ ಮೈಕಟ್ಟನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿಯೇ ಹೇಳಿದ್ದು. ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಆದರೆ ಆ ಸಾಲಿನಲ್ಲಿ ಎಲ್ಲರೂ ಹೊರೆ ಹೊರುವವರಲ್ಲ. ಸುಮಾರು ಮನೆಗಳಲ್ಲಿ ಹೆಂಗಸರು ಬೆಳಗಿನಿಂದ ಸಂಜೆಯವರೆಗೂ ಮಣೆ ಮುಂದಿಟ್ಟುಕೊಂಡು ಊದುಬತ್ತಿ ಹೊಸೆಯುತ್ತಾರೆ. ಕೂತ ಜಾಗದಿಂದ ಏಳುವುದೇ ಅಪರೂಪ. ಅವರಲ್ಲೊಬ್ಬಳು ಸಭೆ ಮುಗಿದ ಮೇಲೆ ನನ್ನ ಹಿಂದೆಯೇ ಬಂದಳು. ನಲವತ್ತರ ಆಸುಪಾಸು. ಅವಳಿಗೆ ಸಕ್ಕರೆ ವಿಪರೀತ ಏರಿತ್ತಂತೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ಮೂರು ತಿಂಗಳು ಮಾತ್ರೆ ನುಂಗಿ ದಿನಾ ನಡೆದುಕೊಂಡು ಬಾ, ಇಳಿಯದಿದ್ದರೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕಾಗುತ್ತದೆ ಎಂದಿದ್ದರಂತೆ. ಸೂಜಿ ಎಂದರೆ ಅವಳಿಗೆ ಮೊದಲಿನಿಂದಲೂ ಹೆದರಿಕೆ. ಮಕ್ಕಳಿಗೆ ಲಸಿಕೆ ಹಾಕಿಸುವಾಗಲೂ ಅವಳೇ ಮೊದಲು ಅತ್ತವಳಂತೆ.

“ನಡೀತೀನಿ ಕಣಕ್ಕ. ಆದ್ರೆ ನಮ್ಮತ್ತೆಮ್ಮ ಬುಡಬೇಕಲ್ಲ” ಎಂದಳು.

ಅವಳನ್ನೇ ಗುಂಪಿನವರು ಮುಂದಾಳು ಮಾಡಿದರು. ಅವಳ ಅತ್ತೆಯನ್ನು ನೋಡಲು ನಾನು ಹೋದೆ. ಎಪ್ಪತ್ತು ದಾಟಿದ ಅಜ್ಜಿ, ಗಟ್ಟಿಮುಟ್ಟು. ಕೇರಿಯಲ್ಲಿ ಆಕೆಯ ಮಾತಿಗೆ ಎದುರಾಡಿದವರಿಲ್ಲ. ಕಾಫಿ ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು, ಆಮೇಲೆ ಹೇಳಿದಳು:

“ಕ್ಯಾಮೆ ಇಲ್ದೆ ಕೈ ಬೀಸ್ಕಂಡು ಬೀದೀಲಿ ನಡೆಯೋ ಎಂಗ್ಸು ನಮ್ಮನೇಲಿ ಉಟ್ಟೂ ಇಲ್ಲ, ನಮ್ಮನೆಗೆ ಬಂದೂ ಇಲ್ಲ. ನೀವು ಸಂಬಳಕ್ಕೆ ನಡೀತೀರ. ಇವ್ಳು ಯಾತಕ್ಕೆ ನಡೀಬೇಕು?”

ಖಾಲಿ ಬಿಂದಿಗೆ

ಆಕೆಯನ್ನು ಒಪ್ಪಿಸಲು ವಾರವೇ ಹಿಡಿಯಿತು. ಕೊನೆಗೆ ಒಂದು ಷರತ್ತಿನ ಮೇಲೆ ಬಿಟ್ಟಳು. ಸೊಸೆಯ ಕೈಯಲ್ಲಿ ಏನಾದರೂ ಇರಬೇಕು. ನೋಡಿದವರಿಗೆ ಕೆಲಸಕ್ಕೆ ಹೊರಟಿದ್ದಾಳೆ ಅನ್ನಿಸಬೇಕು. ಈ ಷರತ್ತು ಉಳಿದ ಹೆಂಗಸರಿಗೂ ಬಹಳ ಸರಿ ಕಂಡಿತು. ಬರಿಗೈಯಲ್ಲಿ ನಡೆಯುವುದು ಅವರಿಗೂ ನಾಚಿಕೆಯೇ. ಹೀಗಾಗಿ ಮೊದಲ ದಿನ ಅವರೆಲ್ಲ ಸಾಲಾಗಿ ಖಾಲಿ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಟಾರು ರಸ್ತೆಗೆ ಬಂದರು. ನಾನು ಹಿಂದೆ.

ಅದೇ ಹೊತ್ತಿಗೆ ಊರಿನ ಒಬ್ಬ ಗೌಡರು ಬಿಳಿ ಪಂಚೆ ಉಟ್ಟು, ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು, ಮಗನಿಗೆ ಹೆಣ್ಣು ನೋಡಲು ಹೊರಟಿದ್ದರು. ಎದುರಿಗೆ ಸಾಲುಸಾಲು ಖಾಲಿ ಬಿಂದಿಗೆ. ಕಾರು ಅಲ್ಲಿಂದಲೇ ಹಿಂದಕ್ಕೆ ಹೋಯಿತು. ಒಂದು ಖಾಲಿ ಬಿಂದಿಗೆ ಎದುರಾದರೇ ಹೊರಟ ಕೆಲಸ ಆಗುವುದಿಲ್ಲ ಎನ್ನುವ ಊರು ಅದು. ಅವರು ಮನೆಗೆ ಹೋಗಿ, ನೀರು ಕುಡಿದು, ಅಪಶಕುನ ಕಳೆಯುವಷ್ಟು ಹೊತ್ತು ಕೂತು ಮತ್ತೆ ಹೊರಟರು. ಅಷ್ಟರಲ್ಲಿ ನಾವು ನಡಿಗೆ ಮುಗಿಸಿ ವಾಪಸು ಬರುತ್ತಿದ್ದೆವು.

ಗೌಡರು ಕಾರಿನಿಂದ ಇಳಿದು ನನ್ನನ್ನು ಹಿಡಿದುಕೊಂಡರು. ನಾನು ಆರೋಗ್ಯದ ವಿಷಯ ಹೇಳಿದೆ. ಅವರು ಮಗನ ವಯಸ್ಸಿನ ವಿಷಯ ಹೇಳಿದರು. ಮೂವತ್ತೈದಾಯಿತಂತೆ, ಇದು ಎಷ್ಟನೇ ಹೆಣ್ಣೋ ಅವರಿಗೇ ಮರೆತುಹೋಗಿತ್ತು. ಅವರ ಸಂಕಟ ನೋಡಿ ನನಗೂ ಪಾಪ ಅನ್ನಿಸಿತು. ಮುಂದಾಳು ಸೆರಗು ಸರಿಮಾಡಿಕೊಂಡು ಮುಂದೆ ಬಂದು, ನಾಳೆಯಿಂದ ಬಿಂದಿಗೆ ತುಂಬಿಸಿಕೊಂಡೇ ನಡೆಯುತ್ತೇವೆ, ಚಿಂತೆ ಬೇಡ ಎಂದಳು.

ಮಾತಿನಂತೆ ತುಂಬಿದ ಬಿಂದಿಗೆ ಹೊತ್ತು ನಡೆದರು. ಮುಂದಿನ ವಾರ ಗೌಡರು ಖುದ್ದಾಗಿ ಆ ಸಾಲಿಗೆ ಬಂದರು.

“ಭಾನುವಾರ ಇನ್ನೊಂದು ಕಡೆ ಎಣ್ಣು ನೋಡಾಕೆ ಓಯ್ತಾ ಇವ್ನಿ ಕಣ್ರವ್ವ. ಸರ್ಯಾಗಿ ಎಂಟು ಗಂಟೆಗೆ ಒಂಚೂರು ಎದುರಿಗೆ ಬಂದ್ಬುಡಿ.”

ಹೆಂಗಸರು ಎದುರಿಗೆ ಹೋದರು. ಸಂಬಂಧ ಕುದುರಿತು. ಗೌಡರು ಇವರನ್ನೆಲ್ಲ ಕರೆಸಿ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಡಿಸಿದರು. ಅದುವರೆಗೆ ಆ ಜಗಲಿಯ ಮೇಲೆ ಈ ಹೆಂಗಸರು ಯಾರೂ ಕೂತಿರಲಿಲ್ಲ. ನನಗೆ ಆ ದಿನ ಬಹಳ ಖುಷಿಯಾಯಿತು. ಆಮೇಲೆ ನಮ್ಮ ಗುಂಪಿಗೆ ಎಷ್ಟು ಬೇಡಿಕೆ ಬಂತೆಂದರೆ, ಸೈಟು ನೋಡಲು ಹೋಗುವವರು, ಎಮ್ಮೆ ಕೊಳ್ಳಲು ಹೋಗುವವರು ಎಲ್ಲರೂ ನಾವು ಹೊರಡುವ ಹೊತ್ತು ವಿಚಾರಿಸಿಕೊಂಡೇ ಮನೆ ಬಿಡುತ್ತಿದ್ದರು.

ತಾನಾಗಿ ನಿಂತ ಬಸ್ಸು

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಗಿರಿಯ ಕಡೆ ನಮ್ಮ ಇನ್ನೊಂದು ಗುಂಪಿದೆ. ಅವರಿಗೆ ನಡಿಗೆಯ ಜೊತೆ ಕೈಕಾಲಿನ ವ್ಯಾಯಾಮವೂ ಬೇಕೆಂದಾಯಿತು. ಸಂಸ್ಥೆಯವರು ಒಬ್ಬ ಮಾಸ್ತರನ್ನು ಕಳಿಸಿದರು. ಜಾಗ ಬೇರೆ ಸಿಗದೆ ಹೆಂಗಸರನ್ನು ರಸ್ತೆಬದಿಯಲ್ಲೇ ಸಾಲಾಗಿ ನಿಲ್ಲಿಸಿ, ಬಲಗೈ ಮುಂದಕ್ಕೆ ಚಾಚಿ, ಹಾಗೇ ಹಿಡಿದಿರಿ ಎಂದರು ಮಾಸ್ತರು. ಎಲ್ಲರೂ ಕೈ ಚಾಚಿದರು. ಪೇಟೆಗೆ ಹೋಗುವ ಸರ್ಕಾರಿ ಬಸ್ಸು ಬಂದು ಸರಿಯಾಗಿ ಅವರ ಮುಂದೆ ನಿಂತಿತು.

ಆ ಬಸ್ಸಿನ ವಿಷಯ ಸ್ವಲ್ಪ ಹೇಳಬೇಕು. ಹೆಂಗಸರಿಗೆ ಟಿಕೆಟ್ಟಿಲ್ಲ ಎಂದಾದ ಮೇಲೆ ಅದು ಯಾವಾಗಲೂ ತುಂಬಿ ತುಳುಕುತ್ತಿತ್ತು. ಎಷ್ಟು ಕೈ ಅಡ್ಡ ಹಾಕಿದರೂ ಆ ಸ್ಟಾಪಿನಲ್ಲಿ ನಿಲ್ಲುತ್ತಿರಲಿಲ್ಲ. ಇವತ್ತು ತಾನಾಗಿ ನಿಂತಿದೆ. ಹೆಂಗಸರು ಮಾಸ್ತರನ್ನು ನೋಡಿದರು, ಬಸ್ಸನ್ನು ನೋಡಿದರು. ಇಷ್ಟು ದಿನಕ್ಕೆ ಒಂದು ಸಲ ನಿಂತ ಬಸ್ಸನ್ನು ಹಾಗೇ ಕಳಿಸುವುದು ಯಾರಿಗೂ ಸರಿ ಕಾಣಲಿಲ್ಲ. ಎಲ್ಲರೂ ಹತ್ತಿದರು. ಎಲ್ಲಿಗೆ ಎಂದು ಕಂಡಕ್ಟರು ಕೇಳಿದರೆ, ನೀನು ಎಲ್ಲಿಗೆ ಹೋಗುತ್ತೀಯೋ ಅಲ್ಲಿಗೆ ಎಂದರಂತೆ. ರಸ್ತೆಯಲ್ಲಿ ಉಳಿದವರು ನಾನು ಮತ್ತು ಕೈ ಚಾಚಿಕೊಂಡೇ ಇದ್ದ ಮಾಸ್ತರು.

ನಾಗಮಂಗಲದ ಅಜ್ಜಿಯನ್ನು ನಗಿಸಿ ಸ್ವಲ್ಪ ಮೆತ್ತಗೆ ಮಾಡೋಣವೆಂದು ಈ ಕಥೆಯನ್ನು ಅವಳಿಗೆ ಹೇಳಿದೆ. ಅವಳು ನಗಲಿಲ್ಲ.

“ಅವ್ರೇ ವಾಸಿ. ಪೇಟೆಗಾದ್ರೂ ಓದ್ರು. ನಮ್ಮೋಳು ದಿನಾ ಒಂಟು ಎಲ್ಲಿಗೂ ಓಗ್ದೆ ವಾಪಸ್ ಬತ್ತಾಳೆ” ಎಂದಳು.

ನಡಿಗೆ ನೋಡಲು ಬಂದವರು

ಪಾಂಡವಪುರದ ಕಡೆ ನಾಲೆಯ ಏರಿಯ ಮೇಲೆ ನಡೆಯುವ ಗುಂಪು ನಮ್ಮಲ್ಲೆಲ್ಲ ಜೋರು. ಅದನ್ನು ಕಣ್ಣಾರೆ ನೋಡಬೇಕೆಂದು ಬೆಂಗಳೂರಿನಿಂದ ನಮ್ಮ ದೊಡ್ಡ ಸಾಹೇಬರು ಬಂದರು. ಹೊಸ ಬೂಟು ಹಾಕಿಕೊಂಡು ಬಂದಿದ್ದರು, ತಾವೂ ಜೊತೆಯಲ್ಲಿ ನಡೆಯುವ ಉತ್ಸಾಹ.

ಹೆಂಗಸರು ಅವರನ್ನು ಕುರ್ಚಿಯ ಮೇಲೆ ಕೂರಿಸಿದರು. ಎದ್ದರೆ ಮತ್ತೆ ಕೂರಿಸಿದರು. ಮನೆಬಾಗಿಲಿಗೆ ಬಂದವರನ್ನು ಬಿಸಿಲಿನಲ್ಲಿ ನಡೆಸುವುದು ಎಲ್ಲಾದರೂ ಉಂಟೇ ಎಂದರು. ಅವರನ್ನು ಕೂರಿಸಿ ತಾವು ನಡೆದು ಹೋಗುವುದಂತೂ ಇನ್ನೂ ಅವಮರ್ಯಾದೆ. ಒಬ್ಬಳು ಮುದ್ದೆ ತಂದಳು, ಒಬ್ಬಳು ಉಪ್ಸಾರು ತಂದಳು. ಸಾಹೇಬರು ಮೊದಲ ಮುದ್ದೆಯನ್ನು ಪ್ರೀತಿಯಿಂದ ಉಂಡರು, ಎರಡನೆಯದನ್ನು ಸಂಕೋಚದಿಂದ. ಮೂರನೆಯದು ಅವರು ಬೇಡವೆನ್ನುವ ಮೊದಲೇ ತಟ್ಟೆಗೆ ಬಿದ್ದಿತ್ತು. ಕೊನೆಗೆ ಉಸಿರು ತಿರುಗಿಸಿಕೊಳ್ಳಲು ಎದ್ದು ಒಬ್ಬರೇ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದರು. ಗುಂಪಿನವರೆಲ್ಲ ನೆರಳಿನಲ್ಲಿ ಕೂತು, ಪರವಾಗಿಲ್ಲ, ಚೆನ್ನಾಗಿ ನಡೆಯುತ್ತಾರೆ ಎಂದು ಮೆಚ್ಚಿಕೊಂಡರು.

ಅಜ್ಜಿಯ ಸಾವು

ಇನ್ನು ನಾಗಮಂಗಲದ ಮುಂದಾಳಿನ ವಿಷಯಕ್ಕೆ ಬರುತ್ತೇನೆ. ತುಂಬಿದ ಬಿಂದಿಗೆಯಿಂದ ಊರಿಗೆಲ್ಲ ಒಳ್ಳೆಯದಾಯಿತು, ಅವಳ ಮೊಣಕಾಲಿಗೆ ಮಾತ್ರ ಆಗಲಿಲ್ಲ. ಭಾರ ಹೊತ್ತು ನಡೆಯಬೇಡ, ಕೈ ಬೀಸಿಕೊಂಡು ಜೋರಾಗಿ ನಡೆ ಎಂದರು ಡಾಕ್ಟರು. ಅತ್ತೆಗೆ ಹೇಳುವ ಧೈರ್ಯ ಅವಳಿಗಿಲ್ಲ. ನಡಿಗೆ ಬಿಟ್ಟರೆ ಸೂಜಿ. ಅವಳು ಒಂದು ದಾರಿ ಹುಡುಕಿದಳು. ಕೇರಿ ದಾಟಿ ತಿರುವಿನಲ್ಲಿ ಒಂದು ಹುಣಸೇಮರವಿದೆ, ಅತ್ತೆಯ ಕಣ್ಣು ಅಲ್ಲಿಯವರೆಗೆ ಹೋಗುವುದಿಲ್ಲ. ಎಲ್ಲರೂ ಖಾಲಿ ಬಿಂದಿಗೆಯನ್ನು ಆ ಮರದ ಕೆಳಗಿಟ್ಟು, ಕೈ ಬೀಸಿಕೊಂಡು ನಡೆದು, ಬರುವಾಗ ನಲ್ಲಿಯಲ್ಲಿ ತುಂಬಿಸಿಕೊಂಡು ಮನೆಗೆ ಹೋಗುವುದು. ಅಜ್ಜಿಗೆ ಗೊತ್ತಾದ ದಿನವೇ ನಡಿಗೆ ಮುಗಿಯಿತು ಎಂದು ನಮಗೆಲ್ಲ ತಿಳಿದಿತ್ತು.

ಅವರೆಕಾಯಿಯ ಕಾಲ. ಒಂದು ಬೆಳಿಗ್ಗೆ ಮಂಜು, ವಿಪರೀತ ಚಳಿ. ಹೆಂಗಸರು ತಲೆತುಂಬ ಸೆರಗು ಹೊದ್ದು, ಮುಡಿಗೆ ಹೂವಿಲ್ಲದೆ, ಮಾತಿಲ್ಲದೆ ಬಿರಬಿರನೆ ನಡೆಯುತ್ತಿದ್ದರು. ಮುಂದಾಳಿಗೆ ಚಳಿಗಾಳಿ ಬಡಿದು ಕಣ್ಣಲ್ಲಿ ನೀರು. ಅಂದಿನಿಂದ ಬೇಗ ಬಾಗಿಲು ತೆರೆಯತೊಡಗಿದ್ದ ರಸ್ತೆಯ ಬದಿಯ ಟೀ ಅಂಗಡಿಯವನು ಮೊದಲ ಸಲ ಇವರನ್ನು ನೋಡಿದ. ನಮ್ಮ ಕಡೆ ಹೆಂಗಸರು ಬೆಳಗಾಗೆದ್ದು ಗುಂಪಾಗಿ ಬರಿಗೈಯಲ್ಲಿ ನಡೆಯುವುದು ಸಾವಿನ ಮನೆಯ ಕೆಲಸಕ್ಕೆ ಮಾತ್ರ. ಅಂಥವರನ್ನು ತಡೆದು ಕೇಳುವುದು ಮರ್ಯಾದೆಯಲ್ಲ. ಅವನು ಕೇಳಲಿಲ್ಲ, ಯೋಚನೆ ಮಾಡಿದ. ಅಜ್ಜಿ ಜೀವಂತ ಇದ್ದಿದ್ದರೆ ಈ ಸೊಸೆ ಕೈ ಬೀಸಿಕೊಂಡು ಬೀದಿಗೆ ಬರುತ್ತಿದ್ದಳೇ? ಅಷ್ಟರಲ್ಲಿ ಬೈಕಿನಲ್ಲಿ ಬಂದವನೊಬ್ಬ, ಹುಣಸೇಮರದ ಕೆಳಗೆ ಬಿಂದಿಗೆಗಳೆಲ್ಲ ದಿಕ್ಕಿಲ್ಲದೆ ಬಿದ್ದಿವೆ ಎಂದ. ಇನ್ನು ಅನುಮಾನ ಉಳಿಯಲಿಲ್ಲ. ಟೀ ಅಂಗಡಿಯವನು ಬಿಂಡಿಗನವಿಲೆಗೆ, ಅಜ್ಜಿಯ ತಂಗಿಯ ಮನೆಗೆ ಫೋನು ಮಾಡಿಬಿಟ್ಟ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಅಕ್ಕ ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ತಂಗಿಯ ಮನೆಯ ಮದುವೆಯಲ್ಲಿ ಒಬ್ಬಟ್ಟು ಬಡಿಸುವವರು ಅಕ್ಕನ ಎಲೆ ದಾಟಿ ಹೋದದ್ದೇ ಕಾರಣ. ಆದರೆ ಸುದ್ದಿ ಕೇಳಿದ ತಂಗಿ ಗೂಡ್ಸ್ ಆಟೋ ಮಾಡಿಕೊಂಡು, ಹೂವಿನ ಹಾರ ಹಿಡಿದು, ಮನೆಮಂದಿಯ ಸಮೇತ ಬಂದೇಬಿಟ್ಟಳು. ಅಜ್ಜಿಯ ಮಗ ಟ್ರಾಕ್ಟರಿನಲ್ಲಿ ಕಬ್ಬು ಹೊಡೆಯಲು ಪಾಂಡವಪುರದ ಕಡೆ ಹೋಗಿದ್ದ. ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಜೊತೆಗಿದ್ದರು. ಬಾಗಿಲು ಮುಚ್ಚಿತ್ತು. ಹೆಣ ಒಳಗಿದೆ, ಗಂಡಸರು ಮಣ್ಣಿನ ಸಾಮಾನು ತರಲು ಹೋಗಿರಬೇಕೆಂದುಕೊಂಡು ತಂಗಿ ಜಗಲಿಯ ಮೇಲೆ ಕೂತು, ಮುಖಕ್ಕೆ ಸೆರಗು ಹಾಕಿಕೊಂಡು ಗಟ್ಟಿಯಾಗಿ ಅಳತೊಡಗಿದಳು. ಅಳು ಕೇಳಿ ಕೇರಿಯಲ್ಲಿದ್ದ ಮುದುಕರು ಬಂದು ಕೂತರು. ಇಂಥ ಕಡೆ ಮೊದಲು ಕೂತು ಅಳುವುದು, ಯಾರು ಎಂದು ಕೇಳುವುದು ಆಮೇಲೆ.

ಅಜ್ಜಿ ಹಿತ್ತಲಿನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಅಳು ಕೇಳಿ ಕೈ ತೊಳೆಯದೆ ಓಡಿ ಬಂದಳು. ಗುಂಪಿನ ಅಂಚಿನಲ್ಲಿ ಕೂತಳು, ಮುಖಕ್ಕೆ ಸೆರಗು ಮುಚ್ಚಿ ತಾನೂ ಅಳತೊಡಗಿದಳು.

ಜಗಲಿಯ ಮೇಲಿನ ತಂಗಿ ಸತ್ತವಳ ಗುಣಗಾನ ಮಾಡುತ್ತಿದ್ದಳು. ಮೃದು ಮನಸ್ಸಿನವಳು, ಯಾರಿಗೂ ಎದುರಾಡಿದವಳಲ್ಲ, ಸೊಸೆಯನ್ನು ಮಗಳಂತೆ ಕಂಡವಳು, ಹೀಗೆ. ಅಷ್ಟು ಒಳ್ಳೆಯ ಹೆಂಗಸು ನಮ್ಮ ಕೇರಿಯಲ್ಲಿ ಯಾರಿದ್ದರು ಎಂದು ಅಜ್ಜಿ ಅಳುತ್ತಲೇ ಬಹಳ ಯೋಚನೆ ಮಾಡಿದಳಂತೆ. ತಿಳಿಯದೆ ಕೊನೆಗೆ ಜಗಲಿಯ ಹತ್ತಿರ ಸರಿದು, ಅಳುತ್ತಿದ್ದವಳನ್ನೇ ಮೆಲ್ಲಗೆ ಕೇಳಿದಳು:

“ಯಾರು ಕಣವ್ವ ಓಗಿದ್ದು?”

“ನಮ್ಮಕ್ಕ” ಎಂದಳು ತಂಗಿ, ಸೆರಗು ತೆಗೆಯದೆ.

ಅಜ್ಜಿಗೆ ಆ ದನಿಯ ಗುರುತು ಹತ್ತಿತು. “ಯಾವ ಅಕ್ಕನೇ? ನಿಂಗಿರೋ ಅಕ್ಕ ನಾನೊಬ್ಬಳೇ ಅಲ್ವಾ?”

ತಂಗಿ ಸೆರಗು ಸರಿಸಿ ನೋಡಿದಳು. ಆಮೇಲೆ ಅಕ್ಕ ತಂಗಿ ತಬ್ಬಿಕೊಂಡು ಇನ್ನೊಂದು ಸಲ ಅತ್ತರಂತೆ. ಒಬ್ಬಟ್ಟಿನ ಜಗಳ ಅಲ್ಲಿಗೆ ಮುಗಿಯಿತು.

ನಾವು ಅಷ್ಟರವರೆಗೆ ಒಂದು ಹೊಲದಲ್ಲಿ ಅವರೆಕಾಯಿ ಬಿಡಿಸಿಕೊಂಡು ಕಾಲ ಕಳೆದಿದ್ದೆವು. ಸೊಗಡಿನ ಕಾಯಿ ಕಂಡರೆ ನನ್ನಿಂದ ಮುಂದೆ ನಡೆಯಲಾಗುವುದಿಲ್ಲ. ಕೇರಿಯ ತಿರುವಿಗೆ ಬಂದಾಗ ಮುಂದಾಳಿಗೆ ತನ್ನ ಮನೆಯ ಮುಂದೆ ಗೂಡ್ಸ್ ಆಟೋ, ಜನ, ಹಾರ ಕಂಡವು. ಅತ್ತೆಮ್ಮ ಎಂದು ಕೂಗಿ ಓಡಿದಳು. ಮಡಿಲಿನ ಅವರೆಕಾಯಿ ದಾರಿಯುದ್ದಕ್ಕೂ ಚೆಲ್ಲಿತು. ಮೊಣಕಾಲು ನೋವಿನ ಆ ಹೆಂಗಸಿನ ಹಿಂದೆ ಓಡಿ ನಮ್ಮಲ್ಲಿ ಯಾರಿಗೂ ಹಿಡಿಯಲಾಗಲಿಲ್ಲ.

ಅತ್ತೆ ಜಗಲಿಯ ಮೇಲೆ ತಂಗಿಯ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದಳು. ಸೊಸೆ ಅವಳ ಕಾಲ ಬಳಿ ಕುಸಿದು ಬಿದ್ದು ಮಗುವಿನ ಹಾಗೆ ಅತ್ತಳು. ಅಜ್ಜಿ ಅವಳ ತಲೆಯ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಏನೋ ಹೊಳೆದಂತೆ ಕೇಳಿದಳು:

“ಬಿಂದಿಗೆ ಎಲ್ಲಮ್ಮಿ?”

ಸೊಸೆ ತಿರುವಿನ ಕಡೆ ಕೈ ತೋರಿಸಿದಳು.

“ಉಣಸೇಮರದ ಕೆಳಗೆ ಐತೆ ಅತ್ತೆಮ್ಮ. ದಿನಾ ಅಲ್ಲೇ ಇಕ್ಬುಟ್ಟು ಕೈ ಬೀಸ್ಕಂಡು ಓಯ್ತೀವಿ. ಸೂಜಿ ಅಂದ್ರೆ ನಂಗೆ ಭಯ ಕಣತ್ತೆಮ್ಮ” ಎಂದಳು ಸೊಸೆ.

ಮುಗಿಯಿತು ಎಂದುಕೊಂಡೆ. ನಾಳೆಯಿಂದ ಈ ಊರಿನ ಬಸ್ಸು ಹತ್ತುವ ಕೆಲಸವಿಲ್ಲ. ಅಜ್ಜಿ ಕಾಫಿ ಲೋಟ ಕೆಳಗಿಟ್ಟಳು. ಹಾರವನ್ನು ನೋಡಿದಳು, ಬಂದು ಕೂತ ಜನರನ್ನು ನೋಡಿದಳು, ಸೊಸೆಯ ಒದ್ದೆ ಮುಖವನ್ನು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ನನ್ ಸೊಸೆ ಕೈ ಬೀಸ್ಕಂಡು ನಡೆದ್ರೆ ನಾನು ಸತ್ತೆ ಅಂತ ತಿಳ್ಕತದಾ ಈ ಊರು? ಅಂಗಾರೆ ನಾಳೆಯಿಂದ ನಾನೇ ಮುಂದೆ ನಡೀತೀನಿ. ನೋಡ್ಲಿ ಎಲ್ರೂವೆ.”

ಮರುದಿನದಿಂದ ಅಜ್ಜಿ ಮುಂದೆ, ಸೊಸೆ ಪಕ್ಕದಲ್ಲಿ, ಉಳಿದವರೆಲ್ಲ ಹಿಂದೆ. ಎಲ್ಲರದೂ ಬರಿಗೈ. ಟೀ ಅಂಗಡಿಯ ಮುಂದೆ ಅಜ್ಜಿ ದಿನಾ ಒಂದು ಗಳಿಗೆ ನಿಂತು, ಅವನು ತಲೆಯೆತ್ತಿ ತನ್ನನ್ನು ನೋಡಿದ ಮೇಲೆಯೇ ಮುಂದಕ್ಕೆ ಹೋಗುತ್ತಾಳೆ. ಮೊಣಕಾಲು ಹಿಡಿದು ಮನೆಯಲ್ಲೇ ಉಳಿಯುವ ದಿನ, ಫೋನು ಮುಟ್ಟಬೇಡ ಎಂದು ಅವನಿಗೆ ಸೊಸೆಯ ಕೈಲಿ ಹೇಳಿ ಕಳಿಸುತ್ತಾಳೆ.

ಡಾಕ್ಟರು ಹೇಳಿದ್ದ ಮೂರು ತಿಂಗಳು ತುಂಬಿದಾಗ ಅಜ್ಜಿ, ಸೊಸೆ, ನಾನು ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ರಕ್ತದ ರಿಪೋರ್ಟು ನೋಡಿ, ಚೆನ್ನಾಗಿ ಇಳಿದಿದೆ, ಸೂಜಿ ಬೇಡ, ಮಾತ್ರೆ ಬಿಡದೆ ಹೀಗೇ ನಡೆಯುತ್ತಿರು ಎಂದರು. ಸೊಸೆಗೆ ಕಣ್ಣು ತುಂಬಿ ಬಂತು, ನನಗೂ ಅಷ್ಟೆ. ಇಷ್ಟು ಬೇಗ ಹೇಗೆ ಸಾಧ್ಯವಾಯಿತು ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ನಮ್ಮ ಸಂಸ್ಥೆಯ ವಿಷಯ, ಗುಂಪು ನಡಿಗೆಯ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

“ಇವ್ರನ್ನ ಯಾಕೆ ಕೇಳೀರಿ ಡಾಕ್ಟ್ರೇ? ನಾನೊಂದ್ಸಲ ಸತ್ತಿದ್ದಕ್ಕೇ ಇವ್ಳ ಸಕ್ರೆ ಇಳಿದಿದ್ದು.”